ಎಡಕ್ಕೆ ತಿರುಗುವಳು

ಮೊನ್ನೆ ಮನೆಗೆ ಸುಣ್ಣ ಬಳಿಯುವವನು ಬಂದಿದ್ದ. ಗೋಡೆಯ ಮೇಲಿನದೆಲ್ಲ ಇಳಿಸಿ ಕೊಡ್ರಿ ಅಂದವನು, ನಾನು ಸ್ಟೂಲು ಹುಡುಕುವಷ್ಟರಲ್ಲಿ ತಾನೇ ಬ್ರಷ್ಷಿನ ತುದಿ ತಗುಲಿಸಿ ಒಂದನ್ನು ಇಳಿಸಿಬಿಟ್ಟ. ಗಾಜು ಚೂರುಚೂರಾಯಿತು. ಹಳೆಯ ಕಾಗದದ ಮುಗ್ಗು ವಾಸನೆ ಮೂಗಿಗೆ ಬಡಿಯಿತು. ಪಾಪ, ಅವನು ಹೆದರಿ ಕೈಮುಗಿದು ನಿಂತರೆ ನಾನು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆ. ಬಿದ್ದದ್ದು ದೇವರ ಫೋಟೋ ಅಲ್ಲ, ಹಿರಿಯರ ಫೋಟೋ ಅಲ್ಲ. ಅರವತ್ತು ವರ್ಷದ ಹಿಂದಿನ ಒಂದು ವಾರಪತ್ರಿಕೆಯ ತುಣುಕು. ನಮ್ಮಪ್ಪ ಅದಕ್ಕೆ ಕಟ್ಟು ಹಾಕಿಸಿದ್ದ. ಜೀವಮಾನದಲ್ಲಿ ತನ್ನದೊಂದು ಫೋಟೋ ತೆಗೆಸಿಕೊಳ್ಳದ ಮನುಷ್ಯ ಗಾಜಿನ ಕಟ್ಟು ಹಾಕಿಸಿದ್ದು ಇದೊಂದಕ್ಕೇ.

ಅದರಲ್ಲಿ ಏನಿದೆ ಅನ್ನುತ್ತೀರಾ? ‘ಪ್ರೌಢಶಾಲೆಯ ಸ್ನೇಹಸಮ್ಮೇಳನದಲ್ಲಿ ರಾಣಿಯ ಪಾತ್ರ ವಹಿಸಿದ ಕುಮಾರಿಯು ತನ್ನ ವೀರವಾಣಿಯಿಂದ ಸಭೆಯನ್ನೇ ನಡುಗಿಸಿದಳು. ಸಭಿಕರು ಮಂತ್ರಮುಗ್ಧರಾದರು. ನಮ್ಮ ಬಾತ್ಮೀದಾರರಿಂದ.’ ಆ ಕುಮಾರಿ ನಾನೇ. ಸುದ್ದಿ ಮಾತ್ರ ಅಪ್ಪಟ ಸುಳ್ಳು.

ಅಪ್ಪಟ ಸುಳ್ಳು ಹೇಗೆಂದು ತಿಳಿಯಬೇಕಾದರೆ ನಮ್ಮ ಗುರುಸಿದ್ದಪ್ಪ ಮಾಸ್ತರರನ್ನು ನೀವು ನೋಡಬೇಕಿತ್ತು. ಶಿಗ್ಗಾವಿ ಕಡೆಯ ನಮ್ಮ ಸಾಲೆಯಲ್ಲಿ ಅವರು ಇತಿಹಾಸ ಕಲಿಸುತ್ತಿದ್ದರು. ಬ್ಯಾಸಿಗೆಯಲ್ಲೂ ಕೋಟು, ಕೋಟಿನ ಒಂದು ಜೇಬಿನಲ್ಲಿ ಎಲೆ ಅಡಿಕೆ, ಇನ್ನೊಂದರಲ್ಲಿ ಮಡಚಿದ ವಾರಪತ್ರಿಕೆ. ಪಠ್ಯಪುಸ್ತಕದ ಯಾವ ಸಾಲು ಓದಿದರೂ ಅವರು ಕೇಳುತ್ತಿದ್ದದ್ದು ಮೂರೇ ಪ್ರಶ್ನೆ. “ಯಾರು ಕಂಡಾರ? ಯಾರು ಹೇಳ್ಯಾರ? ಹೇಳಿದಾವ್ಗ ಏನು ಸಿಕ್ತು?” ಹುಡುಗರು ಅವರಿಗೆ ‘ಯಾರು ಕಂಡಾರ ಮಾಸ್ತರ’ ಎಂದೇ ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು. ಒಮ್ಮೆ ಹಲಗೆಯ ಮೇಲೆ ಯಾರೋ ಹಾಗೆ ಬರೆದಾಗ ಕೆಳಗೆ ‘ಯಾರು ಬರದಾರ?’ ಎಂದು ತಾವೇ ಸೇರಿಸಿದ್ದರು.

ಒಂದು ದಿನ ಒಂಬತ್ತನೆಯ ಇಯತ್ತೆಯ ನಮ್ಮನ್ನೆಲ್ಲ ಕೆರೆದಂಡೆಯ ವೀರಗಲ್ಲಿನ ಮುಂದೆ ಕೂಡ್ರಿಸಿದರು. ಹೆಂಗಸರು ಅದರ ಮೇಲೆ ಅರಿವೆ ಒಗೆಯುತ್ತಿದ್ದರು. ಮಾಸ್ತರರ ಕೋಟು ಕಂಡು ತಲೆಯ ಮೇಲೆ ಸೆರಗು ಎಳೆದುಕೊಂಡು ಸರಿದರು. ಕಲ್ಲಿನಲ್ಲಿ ಮೂರು ಅಂತಸ್ತು. ಕೆಳಗೆ ಹೊಡೆದಾಟ, ನಡುವೆ ಸತ್ತ ವೀರನನ್ನು ಇಬ್ಬರು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಅವನು ಲಿಂಗದ ಮುಂದೆ ಕೂತಿರುವುದು.

“ಹೊಡದಾಟ ಊರ ಮಂದಿ ಕಂಡಿರಬಹುದು. ಮ್ಯಾಲಿಂದು ಯಾರು ಕಂಡಾರ?” ಎಂದರು ಮಾಸ್ತರರು.

“ಕಲ್ಲುಕುಟಿಗ್ಯಾರಿ” ಎಂದನೊಬ್ಬ.

“ಅವ್ಗ ಯಾರು ಹೇಳಿದ್ರು?”

“ಸತ್ತಾವ್ನ ಹೇಂತಿರಿ.”

“ಹಂಗ ಹೇಳಿ ಆಕಿಗೇನು ಸಿಕ್ತು?”

ನನಗೆ ಆಗಲೂ ಬಾಯಿಗೆ ಬೀಗ ಇರಲಿಲ್ಲ. “ಸಮಾಧಾನ ಸಿಕ್ತರಿ” ಅಂದೆ. ಮಾಸ್ತರರು ನನ್ನನ್ನೇ ನೋಡಿದರು. ಇನ್ನೊಂದು ಪ್ರಶ್ನೆ ಕೇಳುತ್ತಾರೆಂದು ಕಾದೆವು. ಅವತ್ತು ಕೇಳಲಿಲ್ಲ, ಎಲೆ ಹಾಕಿಕೊಂಡು ಸಾಲೆಯ ಕಡೆ ನಡೆದುಬಿಟ್ಟರು.

ಇಂಥ ಮಾಸ್ತರರು ಆ ವರ್ಷದ ಗ್ಯಾದರಿಂಗಿಗೆ, ಅದೇ ಸ್ನೇಹಸಮ್ಮೇಳನಕ್ಕೆ, ತಾವೇ ಒಂದು ಐತಿಹಾಸಿಕ ನಾಟಕ ಬರೆದರು. ಅದರ ರಾಣಿ ಯಾವ ಇತಿಹಾಸದಲ್ಲೂ ಇರಲಿಲ್ಲ. ಅವಳನ್ನು ಯಾರು ಕಂಡಾರ ಎಂದು ಕೇಳುವ ಧೈರ್ಯ ನಮಗಿರಲಿಲ್ಲ, ನನಗಂತೂ ಆಸೆಯೇ ಇರಲಿಲ್ಲ, ಯಾಕೆಂದರೆ ರಾಣಿ ನಾನೇ. ರಟ್ಟಿನ ಕಿರೀಟ, ಅದಕ್ಕೆ ಬೇಗಡೆ. ಒಂದೂವರೆ ಪುಟದ ಭಾಷಣವನ್ನು ಎಮ್ಮೆಯ ಮುಂದೆ, ಒಲೆಯ ಮುಂದೆ, ಬಾವಿಯ ಕಟ್ಟೆಯ ಮೇಲೆ ಹೇಳಿ ಹೇಳಿ ಎಮ್ಮೆಗೂ ಬಾಯಿಪಾಠವಾಗಿತ್ತು.

ಪರದೆ ಸರಿಯಿತು. ಮುಂದಿನ ಸಾಲಿನಲ್ಲೇ ಅವ್ವ ಬಾಯಿ ತೆರೆದು ಕೂತಿದ್ದಳು. ಅಷ್ಟೇ, ಒಂದೂವರೆ ಪುಟವೂ ಹಾರಿಹೋಯಿತು. ಪರದೆಯ ಹಿಂದೆ ಹಸ್ತಪ್ರತಿ ಹಿಡಿದು ಕೂತಿದ್ದ ಹುಡುಗಿ ಗಾಬರಿಯಲ್ಲಿ ಸಿಕ್ಕ ಸಾಲನ್ನು ಪಿಸುಗುಟ್ಟಿದಳು. ಸಿಕ್ಕಿದ್ದು ಮಾತಲ್ಲ, ಕಂಸದೊಳಗಿನ ಸೂಚನೆ. ನನಗೆ ಅದನ್ನೆಲ್ಲ ವಿಚಾರಿಸುವಷ್ಟು ಪುರಸೊತ್ತು ಎಲ್ಲಿಯದು? ಎದೆಯುಬ್ಬಿಸಿ ಗುಡುಗಿದೆ: “ಕತ್ತಿ ಹಿರಿಯುವಳು! ಎಡಕ್ಕೆ ತಿರುಗುವಳು! ಸೈನಿಕರು ಜಯಘೋಷ ಮಾಡುವರು!” ಹೇಳಿದ್ದು ಎಡಕ್ಕೆ, ತಿರುಗಿದ್ದು ಬಲಕ್ಕೆ. ಕಿರೀಟ ಜಾರಿ ಮೂಗಿನ ಮೇಲೆ ಕೂತಿತು. ಸೈನಿಕರು ಈಟಿ ಬಿಸಾಕಿ ಹೊಟ್ಟೆ ಹಿಡಿದುಕೊಂಡರು. ಸಭೆ ನಕ್ಕ ನಗೆ ಊರ ಹೊರಗಿನ ಹೊಲಗಳಿಗೂ ಕೇಳಿಸಿರಬೇಕು. ನಾನು ಪರದೆಯ ಹಿಂದೆ ಹೋಗಿ ಕಿರೀಟದೊಳಗೇ ಅತ್ತೆ.

ಅಪ್ಪ ಗಾಡಿ ಹೂಡಿಕೊಂಡು ಪ್ಯಾಟಿಗೆ ಹೋಗಿದ್ದ. ನಾಟಕ ನೋಡಿರಲಿಲ್ಲ. ನಮ್ಮವ್ವ ಇದ್ದಾಳಲ್ಲ, ಅವಳಿಗೆ ಸುಳ್ಳು ಹೇಳಲೂ ಬಾರದು, ನಗು ತಡೆಯಲೂ ಬಾರದು. ಅಪ್ಪನಿಗೆ ರೊಟ್ಟಿ ಬಡಿಸುತ್ತ ನಗುತ್ತಲೇ ಎಲ್ಲವನ್ನೂ ಒದರಿಬಿಟ್ಟಳು. ಅಪ್ಪ ನಗಲಿಲ್ಲ. ಮರುದಿನದಿಂದ ಓಣಿಯಲ್ಲಿ ನಾನು ಕಂಡರೆ “ಎಡಕ್ಕೆ ತಿರುಗುವಳು!” ಎನ್ನುವ ಕೂಗು. ಅಪ್ಪನ ಗಾಡಿ ಬಂದರೆ “ಎಡಕ್ಕೆ ತಿರುಗುವನು!” ಮೂರನೆಯ ದಿನ ಅಪ್ಪ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತ, ನನ್ನ ಮುಖ ನೋಡದೆ ಹೇಳಿದ: “ಮಂದಿ ನಗಾಕತ್ತಾರ. ಸಾಲಿ ಸಾಕು. ಈ ವಾರ ಮುಗಿಸಿ ಬಿಡು.”

ನನ್ನ ಜೊತೆ ಓದಿದ ಓಣಿಯ ಹುಡುಗಿಯರೆಲ್ಲ ಆಗಲೇ ಗಂಡನ ಮನೆಗೆ ಹೋಗಿದ್ದರು. ಸಾಲೆ ಬಿಟ್ಟರೆ ನನ್ನ ಗತಿ ಏನೆಂದು ಚೆನ್ನಾಗಿ ಗೊತ್ತಿತ್ತು. ಎರಡು ದಿನ ಊಟ ಬಿಟ್ಟೆ. ಎರಡೇ ದಿನ, ಮೂರನೆಯ ದಿನ ಅವ್ವ ಬದನೆಕಾಯಿ ಎಣಗಾಯಿ ಮಾಡಿದ್ದಳು.

ಆ ವಾರದ ಕೊನೆಗೆ ಬಂತು ನೋಡಿ ಆ ಪತ್ರಿಕೆ. ಚಾದ ಅಂಗಡಿಯಲ್ಲಿ ಅಪ್ಪ ಅದನ್ನು ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ಓದಿದನಂತೆ, ಆಮೇಲೆ ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ. ಮನೆಗೆ ತಂದು ಅವ್ವನ ಮುಂದೆ ಹಿಡಿದ.

“ಸಭೆ ನಡುಗಿತಂತ, ನೋಡಿಲ್ಲೆ.”

“ಅಯ್ಯ, ನಾನ ಕಣ್ಣಾರೆ ಕಂಡೇನಲ್ಲರಿ!” ಎಂದಳು ಅವ್ವ.

“ನಿನ್ನ ಕಣ್ಣು ದೊಡ್ಡೂವೋ, ಪತ್ರಿಕ್ಯಾಗಿನ ಛಾಪಾ ದೊಡ್ಡದೋ?” ಎಂದ ಅಪ್ಪ. ಸಾಲೆ ಬಿಡುವ ಮಾತು ಅಲ್ಲಿಗೇ ನಿಂತಿತು.

ಮಜಾ ಮುಂದಿದೆ. ನಾಲ್ಕು ದಿನದಲ್ಲಿ ಊರ ನೆನಪೇ ಬದಲಾಗಿಹೋಯಿತು. “ಏನು ಗುಡುಗಿದ್ಲವಾ! ನನಗ ಮೈ ಜುಮ್ಮಂತು” ಎಂದು, ನಕ್ಕು ನಕ್ಕು ಚಾಪೆಯಿಂದ ಉರುಳಿದ್ದ ಮುದುಕಿಯೇ ಹೇಳತೊಡಗಿದಳು. ಓಣಿಯ ಕೂಗು ನಿಂತಿತು. ನನಗೂ ಒಂದೊಂದು ಸಲ ಅನುಮಾನ ಬರುತ್ತಿತ್ತು. ಹೌದೇನೋ, ನಡುಗಿಸಿದೆನೇನೋ!

ಆದರೆ ಮಾಸ್ತರರದೊಂದು ಪದ್ಧತಿಯಿತ್ತು. ವಾರಕ್ಕೊಬ್ಬರು ಪತ್ರಿಕೆಯ ಒಂದು ಸುದ್ದಿ ಆರಿಸಿಕೊಂಡು, ಆ ಮೂರು ಪ್ರಶ್ನೆ ಹಿಡಿದು ವಿಚಾರಿಸಿ ಬಂದು, ವರ್ಗದಲ್ಲಿ ಹೇಳಬೇಕು. ಆ ವಾರ ಸರದಿ ನನ್ನದು. ಮಾಸ್ತರರು ಯಾಕೋ ಅವಸರದಿಂದ “ನೀನು ಹತ್ತಿ ಧಾರಣಿ ಸುದ್ದಿ ತಗೋ” ಎಂದರು. ವರ್ಗವೆಲ್ಲ ಒಂದೇ ಸಮನೆ “ಗ್ಯಾದರಿಂಗ್ ಸುದ್ದಿರಿ ಸರ್!” ಎಂದು ಕೂಗಿತು. ಮಾಸ್ತರರ ಮುಖ ಸುಣ್ಣದಂತಾಯಿತು.

ಯಾರು ಕಂಡಾರ? ಊರೆಲ್ಲ ಕಂಡಿತ್ತು. ಯಾರು ಹೇಳ್ಯಾರ? ಅದಕ್ಕೆ ಟಪಾಲಿನವನನ್ನು ಹಿಡಿದೆ. “ಪತ್ರಿಕಿಗೆ ಬಾತ್ಮಿ ಕಳಸಾವ್ರು ಯಾರು ಅಂತ ಗೊತ್ತಿಲ್ಲೇನು? ನಿಮ್ಮ ಕೋಟಿನ ಮಾಸ್ತರು. ವಾರಾ ಒಂದು ಲಕೋಟಿ” ಎಂದು ನಕ್ಕು ಸೈಕಲ್ ತುಳಿದ. ಕಲ್ಲನ್ನೂ ನಂಬದ ಮನುಷ್ಯ!

ಸಾಲೆ ಬಿಟ್ಟ ಮೇಲೆ ಅವರ ಮುಂದೆ ಹೋಗಿ ನಿಂತೆ. ಮೊದಲೆರಡು ಪ್ರಶ್ನೆ ಕೇಳುವ ಅಗತ್ಯ ಇರಲಿಲ್ಲ.

“ನಿಮಗೇನು ಸಿಕ್ತರಿ ಸರ್?”

ಅವರು ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚಿದರು. “ನಿಮ್ಮಪ್ಪ ಸಾಲಿ ಬಿಡಸ್ತಾನಂತ ಕೇಳಿದೆ. ಕೈ ತಡೀಲಿಲ್ಲ. ಸಮಾಧಾನ ಸಿಕ್ತು ಅಂತ ಬರಕೋ.”

“ನಾಳೆ ಖರೇ ಹೇಳಿದ್ರ ನನ್ನ ಸಾಲಿ ಹೋಗತೈತ್ರಿ.”

“ಗೊತ್ತೈತಿ. ಆದ್ರ ಒಂದು ಸುಳ್ಳು ನಾ ಹೇಳೇನಿ, ಎರಡನೇದ್ದು ನಿನ್ನ ಕೈಲೆ ಹೇಳಸಾಂಗಿಲ್ಲ. ನಿಮ್ಮಪ್ಪನ ಕಾಲು ಬೇಕಾದ್ರ ನಾ ಹಿಡೀತೇನಿ.”

ಮರುದಿನ ಹೇಳಿದೆ. ಕತ್ತಿ ಹಿರಿದದ್ದರಿಂದ ಟಪಾಲಿನವನವರೆಗೆ ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ನಗು ಬಂತು, ವರ್ಗವೂ ಬಿದ್ದು ಬಿದ್ದು ನಕ್ಕಿತು. ಬಾತ್ಮೀದಾರರ ಹೆಸರು ಹೇಳಿದಾಗ ಎಲ್ಲರೂ ಮಾಸ್ತರರ ಕಡೆ ತಿರುಗಿದರು. ಮಾಸ್ತರರು ಕೋಟಿನ ಗುಂಡಿ ಹಾಕಿಕೊಂಡರು. ಕೊನೆಯ ಬೆಂಚಿಗೆ ಹೋಗಿ, ಅದರ ಮೇಲೆ ಹತ್ತಿ, ಗಂಟೆ ಬಾರಿಸುವವರೆಗೆ ನಿಂತರು. ಹೊರಗೆ ಹೋಗುತ್ತಿದ್ದ ಹೆಡ್ ಮಾಸ್ತರರು ಕಿಟಕಿಯಲ್ಲಿ ಇಣುಕಿ, ಕನ್ನಡಕ ಒರೆಸಿಕೊಂಡು, ಇನ್ನೊಮ್ಮೆ ಇಣುಕಿ ಹೋದರು.

ಮುಂದಿನ ವಾರದ ಪತ್ರಿಕೆಯಲ್ಲಿ ತಿದ್ದುಪಡಿ ಬಂತು. ಕುಮಾರಿಯು ಮಾತು ಮರೆತಳೆಂದೂ, ಸಭೆ ನಕ್ಕಿತೆಂದೂ, ಬಾತ್ಮೀದಾರರು ವಿಷಾದಿಸುತ್ತಾರೆಂದೂ ಇತ್ತು. ಅಪ್ಪ ಚಾದ ಅಂಗಡಿಯಿಂದ ಬರುವುದನ್ನು ಬಾಗಿಲ ಹಿಂದೆ ನಿಂತು ನೋಡಿದೆ. ಪಾಟಿಚೀಲವನ್ನು ಎದೆಗೆ ಅವಚಿಕೊಂಡಿದ್ದೆ. ಅಪ್ಪ ಬಂದವನೇ ರುಮಾಲು ಬಿಚ್ಚಿ ಗೂಟಕ್ಕೆ ಹಾಕಿ, “ಯಾರೋ ಹೊಟ್ಟಿಕಿಚ್ಚಿನವ್ರು ಏನೇನರ ಬರದಾರ. ಇದನ್ನ ಯಾರು ಕಂಡಾರ?” ಎಂದ. ಅವ್ವ ಬಾಯಿ ತೆರೆದಳು, ಅಪ್ಪ ಅವಳನ್ನು ನೋಡಿದ, ಅವ್ವ ಬಾಯಿ ಮುಚ್ಚಿದಳು. ಮರುದಿನವೇ ಹೋಗಿ ಮೊದಲಿನ ಸುಳ್ಳಿಗೆ ಕಟ್ಟು ಹಾಕಿಸಿಕೊಂಡು ಬಂದ. ಮಾಸ್ತರರು ಅವನ ಕಾಲು ಹಿಡಿಯುವ ಪ್ರಸಂಗವೇ ಬರಲಿಲ್ಲ.

ನಾನು ಓದಿದೆ. ನಾನೂ ಇತಿಹಾಸ ಕಲಿಸುವವಳಾದೆ. ಹಂಸಭಾವಿಯಿಂದ ಹಾನಗಲ್ಲಿನವರೆಗೆ ಸಾಲೆ ಬದಲಿಸುತ್ತ ಪ್ರತಿ ವರ್ಷ ಈ ಕತೆ ಹೇಳಿ ಮಕ್ಕಳನ್ನು ನಗಿಸಿದೆ. ‘ನೋಡ್ರಿ, ಅಚ್ಚಾದದ್ದನ್ನು ನಂಬಿದ ಮನುಷ್ಯ ತಿದ್ದುಪಡಿ ಕೊಟ್ಟರೂ ನಂಬುವುದಿಲ್ಲ, ನಮ್ಮಪ್ಪನೇ ಸಾಕ್ಷಿ’ ಎಂದು ಪಾಠ ಮುಗಿಸುತ್ತಿದ್ದೆ.

ಮೊನ್ನೆ ಗಾಜಿನ ಚೂರು ಆರಿಸುವಾಗ ಕಟ್ಟಿನ ಹಿಂದಿನ ರಟ್ಟು ಬಿಟ್ಟುಕೊಂಡಿತು. ತುಣುಕಿನ ಬೆನ್ನಿಗೆ ಇನ್ನೊಂದು ತುಣುಕು ಇತ್ತು. ನಾಲ್ಕೂ ಅಂಚು ನೀಟಾಗಿ ಕತ್ತರಿಸಿದ್ದು. ಅದೇ ತಿದ್ದುಪಡಿ. ಪ್ರತಿ ಸಾಲಿನ ಕೆಳಗೂ ಕೀಲೆಣ್ಣೆಯ ಬೆರಳು ಹರಿದ ಕಪ್ಪು ಗುರುತು, ಮೊದಲ ಅಕ್ಷರದಿಂದ ‘ವಿಷಾದಿಸುತ್ತಾರೆ’ ಎಂಬಲ್ಲಿಯವರೆಗೆ. ಅಪ್ಪ ಪೂರಾ ಓದಿದ್ದ. ಅವ್ವನ ಮಾತನ್ನೂ ಮೊದಲ ದಿನವೇ ನಂಬಿದ್ದ. ಮಂದಿಯ ನಗೆಗೆ ಅಡ್ಡ ಹಿಡಿಯಲು ಅವನಿಗೊಂದು ಛಾಪಾ ಬೇಕಿತ್ತು, ಅದು ಸಿಕ್ಕಿತ್ತು. ಮೂವತ್ತು ವರ್ಷ ಮಕ್ಕಳಿಗೆ ಮೂರು ಪ್ರಶ್ನೆ ಕಲಿಸಿದ ನಾನು, ಪಕ್ಕದಲ್ಲೇ ಕೂತು ರೊಟ್ಟಿ ತಿನ್ನುತ್ತಿದ್ದ ಅಪ್ಪನಿಗೆ ಒಂದನ್ನೂ ಕೇಳಿರಲಿಲ್ಲ. ನಗುತ್ತಿದ್ದವಳು ಸುಣ್ಣದವನ ಮುಂದೆಯೇ ಅಳತೊಡಗಿದೆ. ಅಳುತ್ತ ಮತ್ತೆ ನಕ್ಕೆ. ಅವನು ಬ್ರಷ್ಷು ಅಲ್ಲೇ ಇಟ್ಟು ಹೊರಗೆ ಹೋಗಿ ನಿಂತ.

ನಿನ್ನೆ ಎರಡೂ ತುಣುಕು ತೆಗೆದುಕೊಂಡು ಕಟ್ಟು ಹಾಕುವ ಅಂಗಡಿಗೆ ಹೋಗಿದ್ದೆ. ಅಕ್ಕಪಕ್ಕ ಇಟ್ಟು ಎರಡೂ ಕಾಣುವ ಹಾಗೆ ಹಾಕು ಎಂದೆ. ಅಂಗಡಿಯ ಹುಡುಗಿ ರಸೀದಿ ಬರೆಯುತ್ತ ಕೇಳಿದಳು, “ಇದು ಯಾರ ಫೋಟೋ ಅಂತ ಬರೀಲಿರಿ ಅಮ್ಮಾರ?”

“ನಮ್ಮಪ್ಪನ್ದು” ಅಂದೆ.