ತಮ್ಮನನ್ನು ಕೇಳದೆ ಹೇಳಿದ ಉತ್ತರ

ಅಂದು ವೈದ್ಯರು ಕೇಳಿದ ಪ್ರಶ್ನೆಯನ್ನು ನಾನು ತಮ್ಮನವರೆಗೆ ಒಯ್ಯಲಿಲ್ಲ. ಅವನ ಉತ್ತರವನ್ನು ನಾನೇ ಹೇಳಿಬಿಟ್ಟೆ. ಉಳಿದ ವಿವರಗಳಲ್ಲಿ ನೆನಪು ತಪ್ಪಿರಬಹುದು — ಅದು ಬೆಳಗ್ಗೆಯೋ ಮಧ್ಯಾಹ್ನವೋ, ಅಮ್ಮ ಜೊತೆಗಿದ್ದರೋ ಇಲ್ಲವೋ. ಇದರಲ್ಲಿ ಮಾತ್ರ ತಪ್ಪಿಲ್ಲ.

ಹರೀಶ ಆಗ ಬಿ.ಕಾಂ. ಕಡೆಯ ವರ್ಷದಲ್ಲಿದ್ದ. ಚಿಕ್ಕಪೇಟೆಯಲ್ಲಿ ಅಪ್ಪಾಜಿಯ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಚಾಮರಾಜಪೇಟೆಯ ನಮ್ಮ ಡಾಕ್ಟರು ಮೊದಲು ಕಫವೆಂದರು, ಆಮೇಲೆ ಕ್ಷಯವಿರಬಹುದೆಂದರು. ಸ್ಕ್ಯಾನಿನಲ್ಲಿ ಹೃದಯದ ಮುಂದೆ ದೊಡ್ಡ ಗೆಡ್ಡೆ ಕಂಡಿತು. ರಕ್ತ ಪರೀಕ್ಷೆ, ಬಯಾಪ್ಸಿ ಆದಮೇಲೆ ಕ್ಯಾನ್ಸರ್ ತಜ್ಞರು ವಿವರಿಸಿದರು: ಸಾಮಾನ್ಯವಾಗಿ ವೃಷಣದಲ್ಲಿ ಹುಟ್ಟುವ ಗೆಡ್ಡೆ ಇದು, ಅಪರೂಪಕ್ಕೆ ಎದೆಯಲ್ಲೂ ಹುಟ್ಟುತ್ತದೆ. ವೃಷಣದ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ.

ನಮ್ಮ ಮನೆಯಲ್ಲಿ ರೋಗಿಯ ಮುಂದೆ ರೋಗದ ಹೆಸರು ಹೇಳುವುದಿಲ್ಲ. ಅವನನ್ನು ಹೊರಗೆ ಕೂರಿಸಿ, ಓದಿದವಳೆಂದು ನನ್ನನ್ನು ಒಳಗೆ ಕಳಿಸುತ್ತಿದ್ದರು. ಕಿಮೋಥೆರಪಿಯಿಂದ ಮುಂದೆ ಮಕ್ಕಳಾಗದಿರಬಹುದು, ಶುರುವಾಗುವ ಮೊದಲೇ ವೀರ್ಯ ಕೊಟ್ಟು ಶೇಖರಿಸಿಡಬಹುದು, ಅವನನ್ನು ಕೇಳಿ ಬನ್ನಿ ಎಂದರು ವೈದ್ಯರು.

ಹೊರಗೆ ಬಂದೆ. ಹರೀಶ ತಲೆಯೆತ್ತಿ, “ಏನಕ್ಕಾ, ಇನ್ನೂ ಎಲ್ಲೆಲ್ಲಿ ಚುಚ್ತಾರಂತೆ?” ಎಂದು ನಕ್ಕ. ಅಕ್ಕನಾಗಿ ಆ ಮಾತು ಹೇಗೆ ಎತ್ತುವುದು — ಅಪ್ಪಾಜಿಗಾದರೂ ಹೇಳಬಹುದಿತ್ತು. ಕಾಫಿ ಬೇಕಾ ಎಂದು ಕೇಳಿ ಒಳಗೆ ಹೋದೆ.

“ಕೇಳ್ದೆ ಡಾಕ್ಟ್ರೇ. ಬೇಡ್ವಂತೆ.”

ವೈದ್ಯರು ಅವಸರದಲ್ಲಿದ್ದರು ಎಂದು ಬಹಳ ದಿನ ನಂಬಿದ್ದೆ. ಈಗ ಅನುಮಾನ — ಆ ಅವಸರವನ್ನು ಆಮೇಲೆ ನಾನೇ ಸೇರಿಸಿಕೊಂಡೆನೇನೋ.

ಕಿಮೋ ಆಯಿತು, ಉಳಿದ ಗೆಡ್ಡೆಯನ್ನು ಆಪರೇಷನ್ ಮಾಡಿ ತೆಗೆದರು. ಅವನು ಬದುಕಿದ. ಶೈಲಾಳನ್ನು ಮದುವೆಯಾದ. ಎದೆಯ ಕಾಯಿಲೆಗೂ ಮಕ್ಕಳಾಗದಿರುವುದಕ್ಕೂ ಸಂಬಂಧವಿದೆಯೆಂದು ನನ್ನ ಹೊರತು ಯಾರಿಗೂ ಹೊಳೆಯಲಿಲ್ಲ. ಪರೀಕ್ಷೆಗಳೆಲ್ಲ ಶೈಲಾಗೇ ಆದವು. ಬಸವನಗುಡಿಯಲ್ಲಿ ಮತ್ತೊಬ್ಬ ಒಳ್ಳೆಯ ಲೇಡಿ ಡಾಕ್ಟರಿದ್ದಾರಂತೆ, ಹೋಗಿ ತೋರಿಸಿಕೋ ಎಂದು ಅಮ್ಮ ಅವಳಿಗೆ ಹೇಳುವಾಗ ನಾನು ಪಕ್ಕದಲ್ಲೇ ಹುರುಳಿಕಾಯಿ ಸೋಸುತ್ತಿದ್ದೆ. ಅವಳು ಆಗಲಿ ಅತ್ತೆ ಎಂದಳು. ನಾನು ಮುಂದಿನ ಕಾಯಿಯ ನಾರು ತೆಗೆದೆ.

ಹೋದ ತಿಂಗಳು ಹರೀಶನಿಗೆ ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ. ಒಬ್ಬನೇ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದ. ವೀರ್ಯಾಣು ಇಲ್ಲವೇ ಇಲ್ಲವಂತೆ. ಅಷ್ಟು ಹೇಳಿ ಸ್ಕೂಟರಿನ ಬೀಗದ ಕೈ ತೆಗೆದುಕೊಂಡ. ಬಾಗಿಲವರೆಗೂ ಹಿಂದೆ ಹೋಗಿ ಕೇಳಿದೆ:

“ಶೈಲಾಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?”

ಅವನು ಇನ್ನೂ ಉತ್ತರ ಕೊಟ್ಟಿಲ್ಲ.