ಎಸ್ತೇಲೆ ಸಿಸ್ಟರಮ್ಮನ ಬೀಗದ ಕೈ

ಉತ್ತರ ಮಲಾವಿಯ ಬೆಟ್ಟಸೀಮೆಯ ಆ ಸಣ್ಣ ಆಸ್ಪತ್ರೆಯಲ್ಲಿ ಎಸ್ತೇಲೆ ಸಿಸ್ಟರ್ ಅಂದರೆ ಅಚ್ಚುಕಟ್ಟು. ಹಸುಗೂಸುಗಳ ವಾರ್ಡು ಅವಳ ಕೈಗೆ ಬಂದು ಹದಿನೆಂಟು ವರ್ಷವಾದರೂ ಒಂದು ಥರ್ಮಾಮೀಟರ್ ಕಳೆದುಹೋಗಿಲ್ಲ. ಮುರಿದರೆ ನೀನೇ ಹೊಣೆ ಅಂತ ಮೇಲಿನವರು ಸಹಿ ಹಾಕಿಸಿಕೊಂಡಿದ್ದರಲ್ಲ! ಹಾಗಾಗಿ, ಕೂಸಿನ ಉಸಿರು ತಗ್ಗಿದರೆ ಕೂಗಿ ಹೇಳುವ ಪುಟ್ಟ ಮಿಷನ್ ಬಂದಾಗ ಅದರ ಪ್ಲಾಸ್ಟಿಕ್ ಕೂಡ ಬಿಚ್ಚದೆ ಬೀರುವಿಗೆ ಹಾಕಿ ಬೀಗ ಜಡಿದಳು. ಬೀಗದ ಕೈ ಕೊರಳಿಗೆ.

"ಬೀರುವಿಗೇನಾದ್ರೂ ಉಬ್ಬಸಾನಾ ಸಿಸ್ಟರಮ್ಮ?" ಅಂತ ಕಿರಿಯ ನರ್ಸ್ ವೆಜಿ ಚುಚ್ಚುತ್ತಿದ್ದಳು.

"ನೀನು ಒಡೆದು ಹಾಕಿದ್ರೆ ಉತ್ತರ ಕೊಡೋಳು ನಾನು ಕಣೇ. ಹೋಗ್, ಕೆಲ್ಸ ನೋಡು."

ಐದು ವರ್ಷದ ಹಿಂದೆ ಒಂದು ಭಾನುವಾರ ಎಸ್ತೇಲೆ ಚರ್ಚಿನಲ್ಲಿ ಹಾಡುತ್ತಿದ್ದಳು. ಫೋನು ಮನೆಯಲ್ಲಿ, ಬೀಗದ ಕೈ ಕೊರಳಲ್ಲಿ. ವಾರ್ಡಿನಲ್ಲಿ ಹನ್ನೊಂದು ಕೂಸು, ವೆಜಿ ಒಬ್ಬಳೇ. ಮೂಲೆಯ ಮಂಚದ ಮೇಲೆ ತಿವೋಂಗೆ ಎಂಬ ಬಾಣಂತಿಯ ಎರಡು ದಿನದ ಗಂಡುಕೂಸು ಸದ್ದಿಲ್ಲದೆ ನೀಲಿಗಟ್ಟಿತು. ತಡವಾಗಿ ಕಂಡ ವೆಜಿ ಪಕ್ಕದ ಚರ್ಚಿಗೆ ಆಳನ್ನು ಓಡಿಸಿದಳು. ಎಸ್ತೇಲೆ ಓಡಿ ಬಂದು ಉಸಿರು ಊದಿ ಉಳಿಸಿದಳೇನೋ ನಿಜ, ಅಷ್ಟರಲ್ಲಿ ಮಿದುಳಿಗೆ ಪೆಟ್ಟಾಗಿತ್ತು. ಅವತ್ತೇ ಬೀರು ತೆರೆದಳು, ಮತ್ತೆ ಬೀಗ ಹಾಕಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು! ತಿವೋಂಗೆಗೆ ಮಾತ್ರ ಏನೂ ಹೇಳಲಿಲ್ಲ.

ಅಂದಿನಿಂದ ಪ್ರತಿ ಸುಗ್ಗಿಗೂ ತಿವೋಂಗೆ ಮಗ ಲುಸುಂಗುವನ್ನು ಬೆನ್ನಿಗೆ ಕಟ್ಟಿಕೊಂಡು ಬುಟ್ಟಿ ಕಡಲೆಕಾಯಿ ಹೊತ್ತು ತರುತ್ತಾಳೆ. ಹುಡುಗನಿಗೆ ಕತ್ತು ನಿಲ್ಲದು, ಮಾತು ಬಾರದು. "ನೀವಿಲ್ದಿದ್ರೆ ಇವನು ಮಣ್ಣಾಗಿರ್ತಿದ್ದ ಸಿಸ್ಟರಮ್ಮ" ಅನ್ನುತ್ತಾಳೆ. ಆ ಕಡಲೆಕಾಯಿಯನ್ನು ಎಸ್ತೇಲೆ ತಿನ್ನುವುದಿಲ್ಲ, ಬೇಡ ಅನ್ನುವುದೂ ಇಲ್ಲ.

ಈ ಸಲ ಬಂದವಳ ಕಣ್ಣು ಊದಿಕೊಂಡಿತ್ತು. "ಅತ್ತೆ, ಮನೆ ಬಿಟ್ಟು ಹೋಗು ಅಂದ್ರು. ಬಸುರೀಲಿ ಮೊಟ್ಟೆ ತಿನ್ಬಾರ್ದು, ನೀನು ತಿಂದೆ, ಅದಕ್ಕೇ ಮಗು ಹಿಂಗಾಯ್ತು ಅಂತ. ತಿಂದಿದ್ದು ನಿಜ ಸಿಸ್ಟರಮ್ಮ. ಎರಡೇ ಎರಡು, ಕದ್ದು. ಆಸೆ ತಡೀಲಿಲ್ಲ. ನನ್ ಪಾಪ, ನಾನೇ ಅನುಭವಿಸ್ಬೇಕು."

ಎಸ್ತೇಲೆ ಕೈಗೆ ತೆಗೆದುಕೊಂಡಿದ್ದ ಬುಟ್ಟಿಯನ್ನು ಕೆಳಗಿಟ್ಟಳು. ಅಯ್ಯೋ ದೇವರೇ, ತಾನು ಹೊರಬೇಕಾದ್ದನ್ನು ಈ ಹೆಣ್ಣು ಐದು ವರ್ಷ ಹೊತ್ತು ತಿರುಗಿದಳೇ! ಸುಮ್ಮನಿದ್ದರೆ ಇವತ್ತು ಇವಳ ಮನೆಯೂ ಹೋಗುತ್ತದೆ.

"ಮೊಟ್ಟೆ ಅಲ್ಲ ಕಣಮ್ಮ, ನಾನು" ಅಂದಳು. ಬೀರು, ಮಿಷನ್ನು, ಭಾನುವಾರ, ಎಲ್ಲ ಹೇಳಿದಳು. ತಲೆ ಎತ್ತಲಿಲ್ಲ.

ತಿವೋಂಗೆ ಮಗನ ಬಾಯಿಯ ಜೊಲ್ಲು ಒರೆಸಿದಳು.

"ಐದು ವರ್ಷ ನನ್ ಕಡಲೆಕಾಯಿ ಇಸ್ಕೊಂಡ್ರಲ್ಲ."

"ಹೂಂನಮ್ಮ."

"ಬನ್ನಿ. ಇದನ್ನ ನಮ್ಮತ್ತೆ ಮುಂದೆ ಹೇಳಿ."

"ಈಗ್ಲೇ?"

"ಈಗ್ಲೇ."

ಮಗನನ್ನು ಬೆನ್ನಿಗೆ ಕಟ್ಟಿಕೊಂಡು ತಿವೋಂಗೆ ತಿರುಗಿ ನೋಡದೆ ನಡೆದಳು. ಬುಟ್ಟಿ ಅಲ್ಲೇ ಉಳಿಯಿತು. ವಾರ್ಡನ್ನು ವೆಜಿಗೆ ಒಪ್ಪಿಸಿ, ಎಸ್ತೇಲೆ ಅದನ್ನು ತನ್ನ ತಲೆ ಮೇಲೆ ಇಟ್ಟುಕೊಂಡು ಹಿಂದೆ ಹೊರಟಳು.