ಹಿಂದೆ ಉಳಿದ ಕುರಿ

ಮೊನ್ನೆ ಶನಿವಾರ ಬಿಸಿಲಿಗೆಂದು ತಾರಸಿಯ ಮೇಲೆ ಹಾಕಿದ್ದ ಕಂಬಳಿಯನ್ನು ತೆಗೆಯಲು ಮರೆತೆವು. ಸಂಜೆ ಬಿದ್ದ ನಾಲ್ಕು ಹನಿಗೆ ಅದು ನೆನೆಯಿತು. ಭಾನುವಾರ ಮಧ್ಯಾಹ್ನ ನನ್ನ ಹೆಂಡತಿ ಅದನ್ನೇ ನಡುಮನೆಯಲ್ಲಿ ಹಾಸಿದಾಗ ಮನೆಯೆಲ್ಲ ಅದರದೇ ವಾಸನೆ. ಒದ್ದೆ ಕಂಬಳಿಯ ವಾಸನೆ ನಿಮಗೆ ಗೊತ್ತಿಲ್ಲದಿದ್ದರೆ ಮಳೆ ಬಂದ ದಿನ ನಮ್ಮ ಚಳ್ಳಕೆರೆಯ ಕಂಬಳಿ ಅಂಗಡಿಗಳ ಮುಂದೆ ಒಮ್ಮೆ ಹಾದುಹೋಗಿ. ಉಣ್ಣೆ, ಹುಣಸೆಬೀಜದ ಗಂಜಿ, ಎಲ್ಲದರ ಅಡಿಯಲ್ಲಿ ಕುರಿ.

ಮೂರು ಗಂಟೆಗೆ ನಮ್ಮ ಮನೆಕೂಟ. ಬೆಳಿಗ್ಗೆ ಸಭೆಯ ಆರಾಧನೆ ಮುಗಿಸಿಕೊಂಡು ಬಂದವರಲ್ಲಿ ಎಂಟು ಹತ್ತು ಜನ ಮಧ್ಯಾಹ್ನ ಒಂದು ಮನೆಯಲ್ಲಿ ಸೇರಿ ವಾಕ್ಯ ಓದುತ್ತೇವೆ, ಪ್ರಾರ್ಥನೆ ಮಾಡುತ್ತೇವೆ, ಆಮೇಲೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತೇವೆ. ನಡೆಸುವವನು ನಾನು. ಹೈಸ್ಕೂಲ್ ಮೇಷ್ಟ್ರಾದ್ದರಿಂದ ಎಲ್ಲಿ ನಾಲ್ಕು ಜನ ಕೂತರೂ ಯಾರೋ ಒಬ್ಬರು ನನ್ನ ಕೈಗೆ ಪುಸ್ತಕ ಕೊಡುತ್ತಾರೆ. ನಾನೂ ಬೇಡ ಅನ್ನುವುದಿಲ್ಲ.

ಈ ಪಾಠದ ಪುಸ್ತಕದ ಬಗ್ಗೆ ಒಂದು ಮಾತು. ಎಲ್ಲರ ಪುಸ್ತಕದಲ್ಲೂ ಪ್ರಶ್ನೆಗಳಿವೆ. ನಡೆಸುವವನ ಪುಸ್ತಕದ ಕೊನೆಯಲ್ಲಿ ಮಾತ್ರ ಉತ್ತರಗಳಿವೆ. ಒಬ್ಬೊಬ್ಬರೂ ಸರದಿಯಂತೆ ‘ಈ ವಾಕ್ಯ ನನ್ನ ಜೊತೆ ಮಾತಾಡಿತು’ ಎಂದು ಶುರು ಮಾಡಿ ತಮಗೆ ಅನ್ನಿಸಿದ್ದನ್ನು ಹೇಳಬೇಕು. ಅನ್ನಿಸಿದ್ದು ಪುಸ್ತಕದ ಉತ್ತರಕ್ಕೆ ಹೊಂದಿದರೆ ನಾನು ತಲೆಯಾಡಿಸುತ್ತೇನೆ, ಹೊಂದದಿದ್ದರೆ ಹೊಂದಿಸುತ್ತೇನೆ. ಇಷ್ಟು ವರ್ಷದಲ್ಲಿ ಯಾರಿಗೆ ಏನು ಅನ್ನಿಸುತ್ತದೆ ಎಂಬುದು ಅವರು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಗುತ್ತದೆ. ನನಗೇ ಏನು ಅನ್ನಿಸುತ್ತದೆ ಎಂಬುದು ಮಾತ್ರ ಈಚೆಗೆ ಗೊತ್ತಾಗುವುದಿಲ್ಲ. ಸುಸ್ತಾಗಿದೆ, ಅಷ್ಟೇ. ದೇವರ ಮೇಲೆ ಸಿಟ್ಟಿಲ್ಲ, ಅನುಮಾನವೂ ಇಲ್ಲ. ಪ್ರತಿ ವಾರ ಅನ್ನಿಸಿಕೊಂಡು ಅನ್ನಿಸಿಕೊಂಡು ಸಾಕಾಗಿದೆ.

ಭಾನುವಾರದ ಪಾಠ ತೆರೆದೆ. ಕಳೆದುಹೋದ ಕುರಿಯ ಕಥೆ: ನೂರು ಕುರಿಗಳಲ್ಲಿ ಒಂದು ಕಳೆದುಹೋದಾಗ ಕಾಯುವವನು ತೊಂಬತ್ತೊಂಬತ್ತನ್ನು ಬಯಲಲ್ಲೇ ಬಿಟ್ಟು ಅದನ್ನು ಹುಡುಕಿಕೊಂಡು ಹೋಗುತ್ತಾನೆ. ಆ ಪುಟ, ಈ ವಾಸನೆ ಎರಡೂ ಸೇರಿ ನನ್ನನ್ನು ಮೊಳಕಾಲ್ಮೂರಿಗೆ ಎಳೆದೊಯ್ದವು.

ಹತ್ತು ಹನ್ನೆರಡು ವರ್ಷದ ಹಿಂದೆ ನಾನು ಅಲ್ಲಿ ಮೇಷ್ಟ್ರಾಗಿದ್ದೆ. ಆಗಲೂ ನಮ್ಮ ಮನೆಯಲ್ಲಿ ಕೂಟ, ಆಗಲೂ ಇದೇ ಪುಸ್ತಕ, ಹೊದಿಕೆಯ ಬಣ್ಣ ಮಾತ್ರ ಬೇರೆ. ಅಲ್ಲೇ ಹತ್ತಿರದ ಸಿದ್ದಾಪುರದ ಕಡೆಯಿಂದ ಬಸ್ಸು ಹತ್ತಿ ತಿಪ್ಪಮ್ಮ ಎಂಬ ಹೆಂಗಸು ಬರುತ್ತಿದ್ದರು. ಹುಟ್ಟಿದಾಗಿನಿಂದ ಕುರಿ ಕಾಯ್ದವರು. ದೀಕ್ಷಾಸ್ನಾನದ ದಿನ ಸಭೆಯವರು ಅವರಿಗೆ ಮಾರ್ತಮ್ಮ ಎಂದು ಹೆಸರಿಟ್ಟಿದ್ದರು. ಆ ಹೆಸರು ಹಿಡಿದು ಕರೆದರೆ ಅವರು ತಿರುಗಿ ನೋಡುತ್ತಿರಲಿಲ್ಲ. ಮೊದಲ ಚಳಿಗಾಲದಲ್ಲಿ ಈ ಕಂಬಳಿ ಹೊತ್ತು ತಂದರು. ‘ನೆಲ ತಣ್ಣಗೈತೆ ಮೇಷ್ಟ್ರೇ, ಮುದುಕ್ರು ಕುಂತ್ಕಂತಾರೆ’ ಅಂದರು. ಅವರೇ ಅಲ್ಲಿದ್ದವರಲ್ಲೆಲ್ಲ ಹಿರಿಯರು.

ಅವರ ಪ್ರಾರ್ಥನೆ ನಮ್ಮ ಕೂಟದಲ್ಲಿ ಒಂದು ತಮಾಷೆಯಾಗಿತ್ತು. ನಾವೆಲ್ಲ ಲೋಕವನ್ನೇ ಒಂದು ಸುತ್ತು ಹಾಕಿ ಬರುತ್ತಿದ್ದೆವು. ನನ್ನದು ಹತ್ತು ನಿಮಿಷಕ್ಕೆ ಕಡಿಮೆ ಇರುತ್ತಿರಲಿಲ್ಲ, ಅದರ ಬಗ್ಗೆ ನನಗೆ ಒಳಗೊಳಗೇ ಜಂಬ. ತಿಪ್ಪಮ್ಮ ಕಣ್ಣು ಬಿಟ್ಟುಕೊಂಡೇ, ಅವರ ಮನೆಮಾತಾದ ತೆಲುಗಿನಲ್ಲಿ, ಒಂದೇ ಮಾತು ಹೇಳುತ್ತಿದ್ದರು: ‘ತಂಡ್ರೀ, ನೀಕು ತೆಲುಸು ಗದಾ.’ ತಂದೆಯೇ, ನಿನಗೆ ಗೊತ್ತಲ್ಲ, ಅಂತ. ಅಷ್ಟಕ್ಕೆ ಆಮೆನ್.

ಕಳೆದುಹೋದ ಕುರಿಯ ಪಾಠದ ದಿನ ಚಿತ್ರದುರ್ಗದಿಂದ ಸಭೆಯ ಹಿರಿಯರೊಬ್ಬರು ಬಂದಿದ್ದರು, ಕೂಟ ಹೇಗೆ ನಡೆಯುತ್ತದೆಂದು ನೋಡಲು. ಇನ್‌ಸ್ಪೆಕ್ಟರು ಬಂದ ದಿನ ಮೇಷ್ಟ್ರಿಗೆ ಏನಾಗುತ್ತದೆಯೋ ನನಗೆ ಅದೇ ಆಯಿತು. ಕುರಿ ಏಕೆ ಕಳೆದುಹೋಯಿತು ಎಂಬುದು ಪ್ರಶ್ನೆ. ನನ್ನ ಪುಸ್ತಕದ ಹಿಂದಿನ ಪುಟಗಳಲ್ಲಿದ್ದ ಉತ್ತರ, ಅವಿಧೇಯತೆ. ಒಬ್ಬರ ಹಿಂದೊಬ್ಬರು ಅವಿಧೇಯತೆ ಎಂದರು. ತಿಪ್ಪಮ್ಮನ ಸರದಿ ಬಂತು.

‘ಕುರಿ ಮಾತು ಮೀರಿ ಹೋಗಲ್ಲ ಮೇಷ್ಟ್ರೇ. ಹಿಂದೆ ಉಳ್ಕಂತೈತೆ. ಕಾಲಾಗೆ ಮುಳ್ಳು ಮುರಿದಿರ್ತೈತೆ, ಇಲ್ಲಾ ಮರಿ ಹಾಕಾಕೆ ಕುಂತಿರ್ತೈತೆ. ಮಂದೆ ಮುಂದಕ್ಕೆ ಹೋಗಿರ್ತೈತೆ.’ ಮತ್ತೆ ಹೇಳಿದರು: ‘ಉಳಿದವನ್ನ ಬಯಲಾಗೆ ಬಿಟ್ಟೂ ಹೋಗಲ್ಲ. ಪಕ್ಕದೋರಿಗೆ, ಇವನ್ನ ನೋಡ್ಕಳ್ರಿ ಬರ್ತೀನಿ, ಅಂತ ಹೇಳಿ ಹೋಗ್ತೀವಿ.’

ಚಿತ್ರದುರ್ಗದ ಹಿರಿಯರು ನನ್ನ ಮುಖ ನೋಡಿದರು. ನಾನು ತರಗತಿಯ ದನಿಯಲ್ಲಿ, ‘ಹಾಗಲ್ಲಮ್ಮ, ಅವಿಧೇಯತೆ. ಹೇಳಿ ನೋಡೋಣ’ ಅಂದೆ. ಎರಡು ಸಲ ಪ್ರಯತ್ನಿಸಿದರು, ನಾಲಿಗೆ ತಿರುಗಲಿಲ್ಲ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂರನೆಯ ಸಲಕ್ಕೆ ಅವರು ಪ್ರಯತ್ನಿಸಲಿಲ್ಲ.

‘ಆ ಕುರಿ ಮ್ಯಾಲೆ ಸುಳ್ಳು ಹೇಳಾಕೆ ನಂಗೆ ಬರಲ್ಲ ಮೇಷ್ಟ್ರೇ’ ಅಂದರು.

ಮುಂದಿನ ವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಹಾಜರಿ ಪುಸ್ತಕದಲ್ಲಿ ಬಾರದವರ ಕಾರಣ ಬರೆಯಲು ಒಂದು ಅಂಕಣವಿದೆ. ಅಲ್ಲಿ ‘ವಿಶ್ವಾಸದಲ್ಲಿ ತಣ್ಣಗಾಗಿದ್ದಾರೆ’ ಎಂದು ಬರೆದೆ. ನಮ್ಮಲ್ಲಿ ಎಲ್ಲರೂ ಹಾಗೇ ಬರೆಯುತ್ತಾರೆ. ಸಿದ್ದಾಪುರಕ್ಕೆ ಬಸ್ಸಿತ್ತು, ಒಂದು ಭಾನುವಾರವೂ ಹತ್ತಲಿಲ್ಲ. ವರ್ಷದ ಕೊನೆಯಲ್ಲಿ ಚಳ್ಳಕೆರೆಗೆ ವರ್ಗವಾಯಿತು. ಸಾಮಾನು ಕಳಿಸಿ ಬಸ್ ಸ್ಟ್ಯಾಂಡಿಗೆ ಬಂದರೆ ತಿಪ್ಪಮ್ಮ ಕೋಲೂರಿಕೊಂಡು ನಿಂತಿದ್ದಾರೆ. ಮಂಡಿ ಹಿಡಿದುಕೊಂಡು ತಿಂಗಳುಗಟ್ಟಲೆ ಮೇಲೇಳಲು ಆಗಿರಲಿಲ್ಲವಂತೆ.

‘ನೀವು ಬರ್ತೀರೇನೋ ಅಂತ ದಾರಿ ನೋಡ್ದೆ’ ಅಂದರು. ದೂರುವ ದನಿಯಲ್ಲ, ಸುಮ್ಮನೆ ವಿಷಯ ಹೇಳುವ ದನಿ. ಆಮೇಲೆ, ‘ಕಂಬಳಿ ಹಾಸ್ತೀರಾ?’ ಎಂದು ಕೇಳಿದರು. ಹಾಸ್ತೀವಿ ಅಂದೆ. ಆಮೇಲೆ ನನಗೆ ಅವರ ಸುದ್ದಿಯಿಲ್ಲ. ವಿಚಾರಿಸಲಿಲ್ಲ ಎಂಬುದೇ ನಿಜ. ಆ ನಾಚಿಕೆ ಇವತ್ತಿಗೂ ಹಾಗೇ ಇದೆ.

ಇಷ್ಟು ನೆನೆಯುವಷ್ಟರಲ್ಲಿ ಮೂರಾಯಿತು, ಜನ ಬಂದು ಕೂತರು. ಹಾಜರಿ ಹಾಕಿದೆ. ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡಿ ನಿವೃತ್ತರಾದ ದೇವಪುತ್ರಪ್ಪ ಇಲ್ಲ, ಇದು ಮೂರನೇ ವಾರ. ಹೆಂಡತಿ ತೀರಿಕೊಂಡ ಮೇಲೂ ತಪ್ಪದೆ ಬರುತ್ತಿದ್ದ ಮನುಷ್ಯ. ಕೊನೆಯ ಸಲ ಬಂದಾಗ ಅವರ ಸರದಿಯಲ್ಲಿ, ‘ನಂಗೆ ಈ ವಾರ ಏನೂ ಅನ್ನಿಸ್ಲಿಲ್ಲ ಮೇಷ್ಟ್ರೇ’ ಅಂದಿದ್ದರು. ನಾವೆಲ್ಲ ಸೇರಿ ಅರ್ಧ ಗಂಟೆ ಬುದ್ಧಿ ಹೇಳಿದ್ದೆವು. ಕಾರಣದ ಅಂಕಣದ ಮೇಲೆ ನನ್ನ ಪೆನ್ನು ನಿಂತಿತು. ‘ವಿಶ್ವಾಸದಲ್ಲಿ’ ಎಂಬಷ್ಟನ್ನು ಕೈ ತಾನೇ ಬರೆದಿತ್ತು.

ಪೆನ್ನು ಮುಚ್ಚಿ ಎದ್ದೆ.

‘ಇವರನ್ನ ನೋಡ್ಕೊ, ಬರ್ತೀನಿ’ ಎಂದೆ ಹೆಂಡತಿಗೆ.

‘ಪಾಠ ಯಾರು ಹೇಳೋದು ರೀ?’

‘ಉತ್ತರ ಹಿಂದಿನ ಪುಟದಾಗೆ ಐತೆ’ ಎಂದು ಪುಸ್ತಕವನ್ನು ಅವಳ ಕೈಗೆ ಕೊಟ್ಟು ಚಪ್ಪಲಿ ಹಾಕಿಕೊಂಡೆ.

ದೇವಪುತ್ರಪ್ಪ ಬಾಗಿಲು ತೆಗೆದವರೇ ಮೊದಲು ನನ್ನ ಕೈ ನೋಡಿದರು, ಪುಸ್ತಕ ಇದೆಯೇ ಎಂದು. ‘ಬುದ್ಧಿ ಹೇಳಾಕೆ ಬಂದ್ರಾ ಮೇಷ್ಟ್ರೇ?’

‘ಇಲ್ರಿ. ನಂಗೂ ಬಾಳ ದಿನದಿಂದ ಏನೂ ಅನ್ನಿಸ್ತಿಲ್ಲ. ಅದನ್ನ ಹೇಳಾಕೆ ಬಂದೆ.’

ಅವರು ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು ಜಾಗ ಮಾಡಿಕೊಟ್ಟರು. ಬಹಳ ಹೊತ್ತು ಕೂತಿದ್ದೆವು. ಏಳುವಾಗ, ‘ಬಂದಿದೀರ, ಒಂದು ಪ್ರಾರ್ಥನೆ ಮಾಡಿ ಹೋಗ್ರಿ’ ಅಂದರು. ನನ್ನ ಹತ್ತು ನಿಮಿಷದ ಪ್ರಾರ್ಥನೆಯನ್ನು ಹುಡುಕಿದೆ, ಸಿಗಲಿಲ್ಲ. ಬಾಯಿಗೆ ಬಂದದ್ದು ಒಂದೇ ಮಾತು, ಅದೂ ನನ್ನದಲ್ಲ, ನನ್ನ ಭಾಷೆಯದೂ ಅಲ್ಲ.

‘ತಂಡ್ರೀ, ನೀಕು ತೆಲುಸು ಗದಾ.’

ಕಣ್ಣು ಮುಚ್ಚುವುದನ್ನು ಮರೆತಿದ್ದೆ. ಎದುರಿಗೆ ದೇವಪುತ್ರಪ್ಪನೂ ಕಣ್ಣು ಬಿಟ್ಟುಕೊಂಡೇ ಆಮೆನ್ ಅಂದರು.